ಸದ್ದು ನುಂಗೋ ಬಟ್ಟೆ

ಇದಕ್ಕೆ ಹಾಸಿಲ್ಲ, ಹೊಕ್ಕಿಲ್ಲ,
ಮಗ್ಗದ ಮುಖ ಕಂಡದ್ದೇ ಅಲ್ಲ.
ಉಣ್ಣೆಯನ್ನು ಬಿಸಿನೀರಲ್ಲಿ ತುಳಿದು ತುಳಿದು
ಒಂದಕ್ಕೊಂದು ಸಿಕ್ಕಿಕೊಂಡ ಮೇಲೆ ಬಟ್ಟೆ ಅಂದದ್ದು.
ಎಲ್ಲಿ ಕತ್ತರಿಸಿದರೂ ಎಳೆ ಬಿಚ್ಚುವುದಿಲ್ಲ,
ಅಂಚು ಮಡಿಸುವ ಕೆಲಸ ಉಳಿಯಿತು.
ಅಂಗಡಿಯಲ್ಲಿ ಫೆಲ್ಟು ಅನ್ನುತ್ತಾರೆ.
ನಮ್ಮ ಮನೆಯಲ್ಲಿ, ಸದ್ದು ನುಂಗೋ ಬಟ್ಟೆ.

ಮೈಸೂರಿನ ಅಗ್ರಹಾರದ ಓಣಿಯಲ್ಲಿ ನಲವತ್ತು ವರ್ಷ
ಹಾರ್ಮೋನಿಯಂ ರಿಪೇರಿ ಮಾಡಿದವರು ಅಣ್ಣ
(ಅಣ್ಣ ಅಂದರೆ ಅಪ್ಪ, ನಮ್ಮಲ್ಲಿ ಕರೆಯುವುದೇ ಹಾಗೆ).
ಬಿಳಿ ಮಣೆ, ಕರಿ ಮಣೆ ಬೆರಳಿಗೆ ಬಗ್ಗಿ ಏಳುವಾಗ
ಮರಕ್ಕೆ ಮರ ತಾಗಿ ಟಕ್ ಅನ್ನಬಾರದು,
ರಾಗದ ನಡುವೆ ಬಡಗಿ ಕೇಳಿಸಬಾರದು.
ಅದಕ್ಕೇ ಅಡಿಯಲ್ಲೊಂದು ಕೆಂಪು ಪಟ್ಟಿ, ಹಸಿರು ಪಟ್ಟಿ.
ಅಂಗಡಿ ಬಿಟ್ಟುಕೊಟ್ಟಾಗ ಉಳಿದದ್ದು
ಒಂದು ಟ್ರಂಕು ಚೂರು, ನುಸಿಗುಳಿಗೆಯ ವಾಸನೆ,
ಮತ್ತು ಎಡಗಿವಿಯಲ್ಲಿ ಮಾತ್ರ ಕೇಳುವ ಅಣ್ಣ.

ಪರೀಕ್ಷೆ ಮುಗಿಸಿ ಬಂದ ತಂಗಿ ಮಗಳು ಮೇದಿನಿ
ನನ್ನ ಮಡಿಲಿಗೆ ಒಂದು ಚೀಲ ಎಸೆದಳು.
ಯಾವುದೋ ಮದುವೆಯ ತಾಂಬೂಲದ ಚೀಲ,
ವಧೂವರರ ಹೆಸರು ಒಗೆತಕ್ಕೆ ಅರ್ಧ ಮಾಸಿದೆ.
"ದೊಡ್ಡಮ್ಮಾ, ಬಲಮುರಿಗೆ ಇದೇ. ಬೋಳಾಗಿದೆ, ಏನಾದರೂ ಅಂಟಿಸು."
ಅಂಟಿಸಲ್ಲ ಕಣೇ, ಹೊಲೀತೀನಿ.

ಟ್ರಂಕಿನಲ್ಲಿರುವುದು ಕೆಂಪು ಮತ್ತು ಹಸಿರು.
ಮೆಣಸಿನಕಾಯಿ ಎಂದೆ, ಮುಖ ಸಿಂಡರಿಸಿದಳು.
ಕಲ್ಲಂಗಡಿ ಎಂದಳು. ಅರೆ, ಹೌದಲ್ಲ!
ಲಗ್ನಪತ್ರಿಕೆ ಕತ್ತರಿಸಿ ಅಚ್ಚು ಮಾಡಿ
ಹಸಿರಿನ ಮೇಲೆ ಕೆಂಪು ಕೂರಿಸಿ
ಸುತ್ತಲೂ ಕಂಬಳಿ ಹೊಲಿಗೆ, ಬಿಳಿ ದಾರದಲ್ಲಿ.
ಬೀಜಕ್ಕೆ ಕರಿ ದಾರದ ಗಂಟು, ಏಳು.
ಅಣ್ಣ ಬಗ್ಗಿ ಎಣಿಸಿದರು. "ಮೇಲಿನ ಷಡ್ಜ ಎಲ್ಲಿ?"
ಎಂಟನೆಯದನ್ನೂ ಹಾಕಿದೆ.
ವರನ ಹೆಸರು ಪೂರ್ತಿ ಕಲ್ಲಂಗಡಿಯ ಕೆಳಗೆ ಹೋಯಿತು.

ಆಮೇಲೆ ತೂಗುಬಿಡಲು ನಿಂಬೆಹಣ್ಣು ಬೇಕಂತೆ.
ಹಳದಿಗೆ ಶಿವರಾಂಪೇಟೆಗೆ ಹೋದೆ,
ಹಾಳೆಗೆ ಇಪ್ಪತ್ತೈದು ರೂಪಾಯಿ.
ಅಣ್ಣ ಎರಡು ಬೆರಳ ನಡುವೆ ಉಜ್ಜಿ ನೋಡಿದರು:
"ಇದು ಉಣ್ಣೆಯಲ್ಲ. ಸದ್ದು ನುಂಗಲ್ಲ ಇದು, ಉಗುಳತ್ತೆ."
ಆದರೂ ಕತ್ತರಿ ಇಸಕೊಂಡರು.
ನಡುಗುವ ಕೈ ಹಳದಿ ಹಾಳೆಯ ಮೇಲೆ ಮಾತ್ರ ನಡುಗಲಿಲ್ಲ.
ನಾಲ್ಕು ಎಸಳು, ಒಂದೇ ಅಳತೆ, ಗೆರೆ ಎಳೆಯದೆ.

"ಅಲ್ಲಾಡಿಸಿದರೆ ಏನೂ ಕೇಳಲ್ಲ," ಮೇದಿನಿಯ ದೂರು,
"ಗೆಜ್ಜೆ ಕಟ್ಟು."
ಗೆಜ್ಜೆ ಎಲ್ಲಿ ತರಲಿ ಈ ಮಧ್ಯಾಹ್ನದಲ್ಲಿ,
ಹತ್ತಿ ತುಂಬಿ, ಬಾಯಿ ಅರ್ಧ ಹೊಲಿದು
ಕಿಟಕಿಯಲ್ಲಿಟ್ಟು ಮಲಗಿದೆ.

ಬೆಳಿಗ್ಗೆ ಮಿಕ್ಕ ಅರ್ಧ ಹೊಲಿಯುವಾಗ
ಸೂಜಿಗೆ ಏನೋ ತಡೆಯಿತು.
ಹತ್ತಿ ಸರಿಸಿದರೆ, ಹಿತ್ತಾಳೆಯ ಒಂದು ರೀಡು,
ನಾಲಿಗೆ ಸೀಳಿದ್ದು.
ಯಾವ ಸ್ವರ ಅಣ್ಣಾ?
"ಯಾವುದೂ ಅಲ್ಲ ಈಗ. ಎಸೆಯೋಕೆ ಆಗಲಿಲ್ಲ."
ಬಾಯಿ ಮುಚ್ಚಿ ಹೊಲಿದೆ.

ಬಲಮುರಿಯಿಂದ ಚೀಲ ಬಂತು, ನೆನೆದು ತೊಪ್ಪೆ.
ಹುಡುಗಿ ಅದನ್ನೇ ತಲೆಗೆ ಹಾಕಿಕೊಂಡು ನೀರಿಗೆ ಇಳಿದಿದ್ದಳಂತೆ.
ಕೆಂಪು ಬಣ್ಣ ಬಿಟ್ಟಿದೆ,
ವಧುವಿನ ಹೆಸರಿನ ಮೇಲೆಲ್ಲ ಗುಲಾಬಿ ಕಲೆ.
ಹಾರ್ಮೋನಿಯಂ ಒಳಗೆ ಯಾರು ನೀರು ಹಾಕುತ್ತಾರೆ,
ಈ ಬಣ್ಣ ಹೋಗುವ ಬಣ್ಣ ಎಂದು
ನಲವತ್ತು ವರ್ಷ ಯಾರಿಗೂ ಗೊತ್ತಾಗಿರಲಿಲ್ಲ.

ತಂತಿಗೆ ಹಾಕಿದೆ. ನಿಂಬೆ ತೊಟ್ಟಿಕ್ಕುತ್ತಿತ್ತು.
ಅಣ್ಣ ಕುರ್ಚಿ ಎಳೆದುಕೊಂಡು ಅದರ ಕೆಳಗೇ ಕೂತರು,
ಎಡಗಿವಿ ಮೇಲೆ ಮಾಡಿ.
ಕೇಳತ್ತಾ ಏನಾದರೂ?
"ಇಲ್ಲ," ಎಂದರು,
"ಹಿತ್ತಾಳೆ ಅಲ್ವಾ, ಕಿಲುಬು ಹಿಡಿಯುತ್ತೆ.
ಆ ಕಡೆ ಬಿಸಿಲಿಗೆ ತಿರುಗಿಸು."